ಪಾಳಿ ಬಂದಾಗ ಸ್ಟಾರ್ಟ್ ಆಗದ ಅಂಬಾಸಡರ್

ಗಾಡಿ ಸ್ಟಾರ್ಟ್ ಆಗಲಿಲ್ಲವೆಂದರೆ ಜನ ಮೊದಲು ಬೈಯುವುದು ಬ್ಯಾಟರಿಯನ್ನು. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ ಎಂಬ ಮಾತು ನನ್ನಂಥ ಬ್ಯಾಟರಿ-ಡೈನಮೋ ರಿಪೇರಿಯವನಿಗೆ ಅರ್ಥವಾದಷ್ಟು ಬೇರೆಯವರಿಗೆ ಆಗಲಾರದು. ಎಂಜಿನ್ ಕೆಟ್ಟಿರಲಿ, ಟ್ಯಾಂಕಿನಲ್ಲಿ ಎಣ್ಣೆಯೇ ಇಲ್ಲದಿರಲಿ, ಬ್ಯಾಟರಿ ಬಿಚ್ಚಿಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಸರಿ ಇದೆ ಎಂದು ಹೇಳಿದರೆ ನನ್ನ ಮೇಲೇ ಅನುಮಾನ.

ಎಂಬತ್ತರ ದಶಕದ ಕೊನೆಯ ಮಾತು ಇದು. ಫಾತೋರ್ಡಾದಲ್ಲಿ ರಸ್ತೆ ಬದಿಗೆ ನನ್ನದೊಂದು ತಗಡಿನ ಅಂಗಡಿ ಇತ್ತು. ಮಳೆಗಾಲ ಮುಗಿದು ಪ್ರವಾಸಿಗಳು ಬರತೊಡಗಿದ್ದರು. ಒಂದು ಬೆಳಿಗ್ಗೆ ನಮ್ಮ ನವಲಗುಂದ ಕಡೆಯ ಹುಡುಗನೊಬ್ಬ ವಾಸ್ಕೊದಿಂದ ಬಸ್ಸಿನಲ್ಲಿ ಬ್ಯಾಟರಿ ಹೊತ್ತುಕೊಂಡು ಬಂದ. ಹುಡುಗ ಎಂದೆ, ಆದರೆ ಅವನಿಗೆ ಮದುವೆಯಾಗಿ ಮಕ್ಕಳಿದ್ದವು. ಗೋಣಿಚೀಲದಲ್ಲಿ ಸುತ್ತಿದ್ದ ಬ್ಯಾಟರಿಯಿಂದ ಆಸಿಡ್ ಸೋರಿ ಪ್ಯಾಂಟಿಗೆ ತೂತುಗಳು ಬಿದ್ದಿದ್ದವು. ಕಂಡಕ್ಟರ್ ದಾರಿಯುದ್ದಕ್ಕೂ ಬೈದನಂತೆ. ಅವನು ಅದನ್ನು ನಗುತ್ತಲೇ ಹೇಳಿದ. ಆ ನಗೆ ಮುಖದ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಬಂದರಿನಲ್ಲಿ ಹಮಾಲಿ ಮಾಡಿ ಬೆನ್ನು ಕೆಡಿಸಿಕೊಂಡು, ಆಮೇಲೆ ಡ್ರೈವಿಂಗ್ ಕಲಿತು, ಹಳೆಯ ಪೆಟ್ರೋಲ್ ಅಂಬಾಸಡರ್ ಒಂದನ್ನು ಕೊಂಡು ಟ್ಯಾಕ್ಸಿ ಓಡಿಸುತ್ತಿದ್ದವನು ಅವನು. ರೈಲ್ವೆ ಸ್ಟೇಷನ್ ಹತ್ತಿರದ ಸ್ಟ್ಯಾಂಡಿನಲ್ಲಿ ಒಂದು ನಂಬರು ಸಿಕ್ಕಿತ್ತು. ಘಟ್ಟದ ಮೇಲಿನಿಂದ ಬಂದವನಿಗೆ ಆ ಸ್ಟ್ಯಾಂಡಿನಲ್ಲಿ ನಂಬರು ಸಿಗುವುದೆಂದರೆ ಮದುವೆಗೆ ಹೆಣ್ಣು ಸಿಗುವಷ್ಟೇ ಕಷ್ಟ. ಪೆಟ್ರೋಲ್ ಖರ್ಚು ತಡೆಯದೆ, ಆ ಮಳೆಗಾಲದಲ್ಲಿ ಅವನೂ ಅವನ ಹೆಂಡತಿಯ ಅಣ್ಣನೂ ಸೇರಿ ಪೆಟ್ರೋಲ್ ಎಂಜಿನ್ ಇಳಿಸಿ, ಗುಜರಿಗೆ ಬಂದಿದ್ದ ವ್ಯಾನೊಂದರ ಡೀಸೆಲ್ ಎಂಜಿನ್ ಕೂರಿಸಿದ್ದರು. ಗ್ಯಾರೇಜಿಗೆ ಹೋಗಿರಲಿಲ್ಲ. ಹೆಂಡತಿಯ ಅಣ್ಣ ಮೀನು ಹಿಡಿಯುವ ಟ್ರಾಲರುಗಳಲ್ಲಿ ಎಂಜಿನ್ ಮಿಸ್ತ್ರಿ. ಅಷ್ಟು ದೊಡ್ಡ ಎಂಜಿನ್ ಬಿಚ್ಚಿ ಜೋಡಿಸುವವನಿಗೆ ಕಾರಿನದು ಯಾವ ಲೆಕ್ಕ ಎಂದು ಇಬ್ಬರೂ ಧೈರ್ಯ ಮಾಡಿದ್ದರು.

ಮೊದಲ ಕೆಲವು ದಿನ ಗಾಡಿ ಚೆನ್ನಾಗಿಯೇ ಓಡಿತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ. ಆಮೇಲೆ ಒಂದು ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಅವನ ಪಾಳಿ ಬಂತು, ಗಿರಾಕಿ ಒಳಗೆ ಕೂತರು, ಗಾಡಿ ಸ್ಟಾರ್ಟ್ ಆಗಲಿಲ್ಲ. ಗಿರಾಕಿ ಇಳಿದು ಹಿಂದಿನ ಟ್ಯಾಕ್ಸಿ ಹತ್ತಿದರು. ವಾರದೊಳಗೆ ಇನ್ನೊಮ್ಮೆ ಹಾಗೆಯೇ ಆಯಿತು. ಸ್ಟ್ಯಾಂಡಿನ ಮುಖಂಡ, ಮುದುಕ, ಎಲ್ಲರ ಮುಂದೆ ಕರೆದು ಹೇಳಿದನಂತೆ: ನಮ್ಮ ಸ್ಟ್ಯಾಂಡಿನ ಹೆಸರು ಕೆಡುತ್ತದೆ, ಮೂರನೇ ಸಲ ಹೀಗಾದರೆ ನಿನ್ನ ನಂಬರು ಕಾಯುತ್ತಿರುವ ಬೇರೆಯವನಿಗೆ.

ಬ್ಯಾಟರಿಯನ್ನು ಪರೀಕ್ಷಿಸಿದೆ. ಆರೂ ಸೆಲ್ಲುಗಳು ಜೀವಂತವಾಗಿದ್ದವು. ಆದರೆ ಅದು ಪೆಟ್ರೋಲ್ ಕಾರಿನ ಬ್ಯಾಟರಿ. ಡೀಸೆಲ್ ಎಂಜಿನ್ ತಿರುಗಿಸಲು ಅದಕ್ಕೆ ತ್ರಾಣ ಸಾಲದು. ನನ್ನಲ್ಲಿದ್ದ ಲಾರಿ ಬ್ಯಾಟರಿಯೊಂದನ್ನು ಕೊಟ್ಟು, ವಾಸ್ಕೊಗೆ ಹೋಗುವ ಟೆಂಪೋ ಹತ್ತಿಸಿ ಕಳಿಸಿದೆ. ಕೆಲಸ ಮುಗಿಯಿತೆಂದುಕೊಂಡೆ. ಎರಡು ದಿನ ಬಿಟ್ಟು ಪಕ್ಕದ ಸೋಡಾ ಅಂಗಡಿಗೆ ಫೋನ್ ಬಂತು. ಬೆಳಿಗ್ಗೆ ಸ್ಟ್ಯಾಂಡಿಗೆ ಹೊರಡುವ ಮುನ್ನ ಮನೆಯ ಮುಂದೆಯೇ ಕೈಕೊಟ್ಟಿದೆ, ಹೆದರಿಕೆಯಿಂದ ಸ್ಟ್ಯಾಂಡಿಗೆ ಹೋಗುವುದನ್ನೇ ಬಿಟ್ಟಿದ್ದೇನೆ ಎಂದ. ನನಗೆ ಸಿಟ್ಟು ಬಂತು. ಗಾಡಿಯ ಮೇಲೋ ಅವನ ಮೇಲೋ ತಿಳಿಯಲಿಲ್ಲ. ಟೂಲ್ ಪೆಟ್ಟಿಗೆ ತೆಗೆದುಕೊಂಡು ವಾಸ್ಕೊ ಬಸ್ಸು ಹತ್ತಿದೆ.

ಅವನ ಮನೆ ವಾಸ್ಕೊದ ಬಾಯ್ನಾದಲ್ಲಿ, ಸಮುದ್ರದ ದಂಡೆಯ ಮೇಲೆ. ಅಂಗಳವೆಂದರೆ ನಾಲ್ಕು ಮನೆಗಳ ನಡುವಿನ ಮರಳು. ಒಂದು ಕಡೆ ಬಲೆ, ಇನ್ನೊಂದು ಕಡೆ ಮೀನು ಒಣಗುತ್ತಿದ್ದವು. ನಡುವೆ ಕಪ್ಪು-ಹಳದಿ ಅಂಬಾಸಡರ್ ಬಾನೆಟ್ ತೆರೆದುಕೊಂಡು ನಿಂತಿತ್ತು. ಮಿಸ್ತ್ರಿ ಆಗಲೇ ಅಲ್ಲಿದ್ದ. ದಪ್ಪ ಮೀಸೆ, ಅಗಲ ಕೈ, ಮಾತು ಕಡಿಮೆ. ನನ್ನನ್ನು ಕರೆಸಿದ್ದು ಅವನಿಗೆ ಇಷ್ಟವಿರಲಿಲ್ಲವೆಂದು ನೋಡಿದ ಕೂಡಲೇ ತಿಳಿಯಿತು.

ಆದರೆ ಕೆಲಸ ನೋಡಿ ನಾನು ಬೆರಗಾದೆ. ಎಂಜಿನ್ ಕೂರಿಸಿದ ಕಬ್ಬಿಣದ ಪಟ್ಟಿಗಳ ವೆಲ್ಡಿಂಗ್, ತಾಮ್ರದ ಪೈಪುಗಳನ್ನು ಎಲ್ಲೂ ಚಪ್ಪಟೆಯಾಗದಂತೆ ಬಗ್ಗಿಸಿದ ರೀತಿ, ಎಲ್ಲ ಅಚ್ಚುಕಟ್ಟು. ಹಾಗೆಯೇ ಹೇಳಿದೆ. ಮಿಸ್ತ್ರಿಯ ಮುಖ ಸ್ವಲ್ಪ ಸಡಿಲಾಯಿತು.

ನನಗೆ ತಿಳಿದ ಕಡೆಯಿಂದ ಶುರು ಮಾಡಿದೆ. ಬ್ಯಾಟರಿಯಿಂದ ಹೊರಟ ಕರೆಂಟು ಸೆಲ್ಫ್ ಮೋಟರನ್ನು ತಿರುಗಿಸಿ ಮತ್ತೆ ಬ್ಯಾಟರಿಗೆ ಹಿಂದಿರುಗಬೇಕು. ಹಿಂದಿರುಗುವ ದಾರಿ ಎಂದರೆ ಎಂಜಿನ್‌ನಿಂದ ಗಾಡಿಯ ಮೈಗೆ ಕಟ್ಟಿದ ಅರ್ಥ್ ವೈರು. ಇಲ್ಲಿ ಪೆಟ್ರೋಲ್ ಎಂಜಿನ್‌ನ ಹಳೆಯ ತೆಳು ವೈರನ್ನೇ ಬಿಟ್ಟಿದ್ದರು. ಸೆಲ್ಫ್ ಹೊಡೆದಾಗ ಅದು ಮುಟ್ಟಲಾರದಷ್ಟು ಬಿಸಿಯಾಗುತ್ತಿತ್ತು. ದಪ್ಪ ಕೇಬಲ್ ಹಾಕಿ, ಬಣ್ಣ ಕೆರೆದು ಬಿಗಿದೆ. ಕೀ ತಿರುಗಿಸಿದರೆ ಎಂಜಿನ್ ಗರಗರ ತಿರುಗಿ ಒಂದೇ ಏಟಿಗೆ ಹಿಡಿದುಕೊಂಡಿತು. ಆರಿಸಿ ಮತ್ತೆ ಹಚ್ಚಿದೆವು, ಮತ್ತೆ ಹಿಡಿಯಿತು. ಚಹಾ ಬಂತು. ನಾನು ದೊಡ್ಡ ಮನುಷ್ಯನಂತೆ ಕುಡಿದು ಫಾತೋರ್ಡಾಕ್ಕೆ ಮರಳಿದೆ.

ಮರುದಿನ ಮತ್ತೆ ಫೋನ್. ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಸೆಲ್ಫ್ ಮಾತ್ರ ಚೆನ್ನಾಗಿ ತಿರುಗುತ್ತದೆ.

ಈ ಸಲ ಹೀಟರ್ ಪ್ಲಗ್ ನೋಡಿದೆ. ತಣ್ಣಗಿರುವ ಡೀಸೆಲ್ ಎಂಜಿನ್ ಹಚ್ಚುವ ಮೊದಲು ಒಳಗೆ ಬಿಸಿ ಮಾಡುವ ಸಣ್ಣ ಪ್ಲಗ್‌ಗಳು ಅವು. ನಾಲ್ಕರಲ್ಲಿ ಒಂದು ಸತ್ತಿತ್ತು. ಬದಲಿಸಿದೆ. ಬಾಯ್ನಾದ ಆ ಸೆಖೆಯಲ್ಲಿ ಒಂದು ಪ್ಲಗ್ ಸತ್ತರೆ ಎಂಜಿನ್ ಹಿಡಿಯದೆ ಇರುವುದಿಲ್ಲವೆಂದು ನನ್ನ ಒಳಮನಸ್ಸಿಗೆ ಗೊತ್ತಿತ್ತು, ಆದರೂ ಬದಲಿಸಿದೆ. ಗಾಡಿ ನನ್ನ ಮುಂದೆ ಚೊಕ್ಕವಾಗಿ ಸ್ಟಾರ್ಟ್ ಆಯಿತು. ನಾನು ಹೋದ ಮೇಲೆ ಮತ್ತೆ ಹಟ ಹಿಡಿಯಿತು. ನನ್ನ ಮುಂದೆ ಮಾತ್ರ ಸೊಸೆಯಂತೆ ತಲೆಬಾಗಿ ಇರುತ್ತಿತ್ತು.

ನಾನು ಮತ್ತೆ ಪೆಟ್ಟಿಗೆ ಹಿಡಿದು ಹೋದಾಗ ಡ್ರೈವರನ ಹೆಂಡತಿ ನೀರು ತಂದುಕೊಟ್ಟು ಅಲ್ಲೇ ನಿಂತಳು. ಅಣ್ಣ ಸಮುದ್ರಕ್ಕೆ ಹೋಗಿದ್ದ, ಗಂಡ ನಲ್ಲಿಯ ಬಳಿ ಇದ್ದ. ಮೆಲ್ಲಗೆ ಹೇಳಿದಳು: "ಕಾಕಾ, ಇವ್ರು ನಿನ್ನೆ ಬಂದರಿಗೆ ಹೋಗಿ ಹಮಾಲರ ಮುಕಾದಮನ್ನ ಕೆಲಸ ಕೇಳಿ ಬಂದಾರ. ಆ ಬೆನ್ನಿಲೆ ಮತ್ತ ಚೀಲ ಹೊತ್ರ ಹಾಸಿಗಿ ಹಿಡೀತಾರ. ಎಂಜಿನ್ ಕೂಡ್ಸಿದಾಂವ ನಮ್ಮಣ್ಣ. ನಾ ಯಾರಿಗೆ ಏನಂತ ಅನ್ನಲಿ?"

ಅಲ್ಲಿಯವರೆಗೆ ನಾನು ಗಾಡಿಯನ್ನು ನೋಡಿದ್ದೆ, ಗಾಡಿಯ ದಿನವನ್ನು ನೋಡಿರಲಿಲ್ಲ. ಬಾನೆಟ್ ಮುಚ್ಚಿ, ಡ್ರೈವರನನ್ನು ಕರೆದುಕೊಂಡು ಸ್ಟ್ಯಾಂಡಿಗೆ ನಡೆದೆ. ಇವತ್ತು ಗಾಡಿ ಬೇಡ, ಸುಮ್ಮನೆ ಕೂತು ನೋಡೋಣ ಎಂದೆ.

ಎದುರಿನ ಚಹಾದಂಗಡಿಯಲ್ಲಿ ಕೂತು ನೋಡಿದೆವು. ಸಾಲಿನ ಮುಂದಿನ ಟ್ಯಾಕ್ಸಿ ಗಿರಾಕಿ ಹತ್ತಿಸಿಕೊಂಡು ಹೋಗುತ್ತದೆ. ಹಿಂದಿನವರು ಎಂಜಿನ್ ಹಚ್ಚುವುದಿಲ್ಲ. ಇಳಿದು, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಬಾಗಿಲಿನ ಚೌಕಟ್ಟಿಗೆ ಹೆಗಲು ಕೊಟ್ಟು, ಒಂದು ಗಾಡಿಯಷ್ಟು ಜಾಗ ಮುಂದಕ್ಕೆ ತಳ್ಳುತ್ತಾರೆ. ಎಣ್ಣೆ ಉಳಿಸುವ ಉಪಾಯ; ಎಲ್ಲ ಸ್ಟ್ಯಾಂಡುಗಳಲ್ಲೂ ಇದೇ ಪದ್ಧತಿ. ಬೆಳಿಗ್ಗೆ ಬಂದ ಗಾಡಿ ಮಧ್ಯಾಹ್ನ ಪಾಳಿ ಬರುವ ತನಕ ಒಮ್ಮೆಯೂ ಸ್ಟಾರ್ಟ್ ಆಗಿರುವುದಿಲ್ಲ. ಬಾಯ್ನಾದ ಅಂಗಳದಲ್ಲಾದರೋ ನಾನು ಬರುವ ಸುದ್ದಿ ಸಿಕ್ಕರೆ ಸಾಕು, ಡ್ರೈವರ್ ಒಮ್ಮೆ, ಮಿಸ್ತ್ರಿ ಒಮ್ಮೆ, ಪಕ್ಕದ ಮನೆಯವನು ಒಮ್ಮೆ ಸೆಲ್ಫ್ ಹೊಡೆದು, ಡೀಸೆಲ್ ಏರಿಸುವ ಕೈಪಂಪು ಒತ್ತಿ, ಗಾಡಿಯನ್ನು ಎಚ್ಚರವಾಗಿಯೇ ಇಟ್ಟಿರುತ್ತಿದ್ದರು. ರೋಗ ಇದ್ದದ್ದು ನಿಂತ ಗಾಡಿಗೆ. ನಾವು ಅದನ್ನು ನಿಲ್ಲಲು ಬಿಟ್ಟಿರಲೇ ಇಲ್ಲ.

ಮರುದಿನ ಶುಕ್ರವಾರ. ಬೆಳಿಗ್ಗೆಯೇ ಹೋಗಿ ಗಾಡಿ ಸ್ಟಾರ್ಟ್ ಮಾಡಿ, ಚೆನ್ನಾಗಿ ಓಡಿಸಿ ತಂದು ನಿಲ್ಲಿಸಿ, ಕೀ ನನ್ನ ಜೇಬಿಗೆ ಹಾಕಿಕೊಂಡೆ. ಬಾನೆಟ್ ಎತ್ತಿದವರ ಜೊತೆ ಮಾತು ಬಿಡುತ್ತೇನೆ ಎಂದು ಹೇಳಿ, ಬಜಾರಿನಲ್ಲಿ ಒಂದಿಷ್ಟು ಕೆಲಸ ಮುಗಿಸಿ ಜುಮ್ಮಾ ನಮಾಜಿಗೆ ಹೋದೆ. ಊಟ ಮುಗಿಸಿ ಬಂದೆ. ಮಿಸ್ತ್ರಿಯೂ ಅಷ್ಟರಲ್ಲಿ ದಡಕ್ಕೆ ಬಂದಿದ್ದ. ಕೀ ಹಾಕಿ ಸೆಲ್ಫ್ ಹೊಡೆದೆ. ಎಂಜಿನ್ ತಿರುಗಿತು, ಹಿಡಿಯಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಅದು ನನ್ನ ಮುಂದೆ ಕೆಟ್ಟಿತ್ತು. ನನಗೆ ಖುಷಿಯಾಯಿತು. ಡ್ರೈವರ್ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ.

ಇಂಜೆಕ್ಟರಿಗೆ ಹೋಗುವ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಸಿದೆ. ಡೀಸೆಲ್ ಚಿಮ್ಮಬೇಕಾದ ಕಡೆ ಏನೂ ಬರಲಿಲ್ಲ. ಕೈಪಂಪು ಒತ್ತಿದೆ. ತುಂಬ ಹೊತ್ತು ಮೆತ್ತಗೆ ಒತ್ತಿಕೊಂಡಿತು, ಫಿಲ್ಟರಿನ ಮೇಲಿನ ಸ್ಕ್ರೂ ಬಳಿ ನೊರೆ ಬಂತು, ಆಮೇಲೆ ಶುದ್ಧ ಡೀಸೆಲ್ ಬಂದು ಪಂಪು ಗಟ್ಟಿಯಾಯಿತು. ಸೆಲ್ಫ್ ಹೊಡೆದರೆ ಸ್ಟಾರ್ಟ್. ಅಂದರೆ ಪೈಪಿನಲ್ಲಿ ಗಾಳಿ ಸೇರುತ್ತಿದೆ. ನಿಂತಾಗ ಡೀಸೆಲ್ ಟ್ಯಾಂಕಿಗೆ ಜಾರಿ ಹೋಗುತ್ತಿದೆ. ಎಲ್ಲೋ ಲೀಕು.

ಲೀಕು ಎಂಬ ಮಾತಿಗೆ ಮಿಸ್ತ್ರಿ ಎದ್ದು ಹೋದ. ಸಿಟ್ಟಿನಿಂದ ಹೋದ ಎಂದುಕೊಂಡೆ. ಅವನು ಒಳಗಿಂದ ಒಂದು ಬಿಳಿ ಪಂಚೆ ತಂದು ನನ್ನ ಮುಂದೆ ಹರಡಿದ. ಸಮುದ್ರಕ್ಕೆ ಹೋಗುವ ಮುನ್ನ ಒಂದು ರಾತ್ರಿ ಇಡೀ ಅದನ್ನು ಗಾಡಿಯ ಕೆಳಗೆ ಹಾಸಿದ್ದನಂತೆ.

"ನೋಡ್ರಿ ಸಾಬ್ರ. ಒಂದ ಹನಿ ಕಲೆ ತೋರಿಸ್ರಿ. ನಾ ಹಾಕಿದ ಪೈಪಿನ್ಯಾಗ ಲೀಕ್ ಐತಿ ಅಂದ್ರ ನಾ ನಾಳಿಂದ ಬೋಟ್ ಹತ್ತೂದಿಲ್ಲ."

ಪಂಚೆ ನಿಜಕ್ಕೂ ಸ್ವಚ್ಛವಾಗಿತ್ತು. ಲೀಕಾಗಲೇಬೇಕು, ಆದರೆ ಹನಿ ಬಿದ್ದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ನಾವಿಬ್ಬರೂ ಸ್ವಲ್ಪ ಹೊತ್ತು ವಾದಿಸಿದೆವು. ಪಂಪಿನ ವಾಲ್ವು ಕೆಟ್ಟಿದೆ ಎಂದು ಅವನು, ಪೈಪು ಎಂದು ನಾನು. ಅವನ ಮಾತೂ ತೆಗೆದುಹಾಕುವಂಥದ್ದಲ್ಲ. ವಾಲ್ವು ಬಿಚ್ಚಿ ತೊಳೆದು ನೋಡಿದೆವು, ಅದರಲ್ಲಿ ದೋಷ ಕಾಣಲಿಲ್ಲ. ಹೆಂಡತಿಯ ಅಣ್ಣನ ಮುಂದೆ ಡ್ರೈವರ್ ಬಾಯಿ ತೆರೆಯುತ್ತಿದ್ದುದೇ ಅಪರೂಪ. ನಾನು ಅವನ ಕಡೆಗೇ ತಿರುಗಿ, ಮೊದಲ ದಿನಗಳಲ್ಲಿ ಚೆನ್ನಾಗಿ ಓಡಿತು ಎಂದೆಯಲ್ಲ, ಆಗ ಏನು ಬೇರೆ ಇತ್ತು ಎಂದು ಕೇಳಿದೆ.

ಅವನು ಯೋಚಿಸಿ ಹೇಳಿದ: "ಪೂಜಿ ಮಾಡಿ ಟ್ಯಾಂಕ್ ಫುಲ್ ಮಾಡ್ಸಿದ್ದೆ ಕಾಕಾ. ಎಣ್ಣಿ ಅರ್ಧಕ್ಕ ಇಳಿಯೂಮಟ ಏನೂ ತ್ರಾಸ ಇರಲಿಲ್ಲ."

ಅದನ್ನು ಮೊದಲೇ ಕೇಳದ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕಿತ್ತು. ಟ್ಯಾಂಕು ತುಂಬಿದಾಗ ಡೀಸೆಲ್ ಮಟ್ಟ ಮೇಲಿರುತ್ತದೆ, ಪೈಪಿನಿಂದ ಹಿಂದಕ್ಕೆ ಜಾರುವುದಿಲ್ಲ. ಮಟ್ಟ ಇಳಿದ ಮೇಲೆ ಜಾರುತ್ತದೆ. ಹಾಗಿದ್ದರೆ ಟ್ಯಾಂಕನ್ನೇ ಎಂಜಿನ್‌ಗಿಂತ ಮೇಲಕ್ಕೆ ತಂದು ನೋಡೋಣ ಎನ್ನಿಸಿತು. ಅಲ್ಲಿಯವರೆಗೆ ಒಂದೊಂದು ಭಾಗ ಬದಲಿಸುತ್ತ ಬಂದಿದ್ದೆ. ಇನ್ನು ಮುಂದೆ ಏನನ್ನೂ ಬದಲಿಸಬಾರದು, ಎಲ್ಲಿ ಇದೆ ಎಂದು ತಿಳಿಯುವ ತನಕ ಸ್ಪಾನರ್ ಮುಟ್ಟಬಾರದು ಎಂದು ಆಗ ಗಟ್ಟಿ ಮಾಡಿಕೊಂಡೆ.

ಗಾಡಿಯ ಟಾಪಿನ ಕ್ಯಾರಿಯರಿನ ಮೇಲೆ ಒಂದು ಡೀಸೆಲ್ ಕ್ಯಾನ್ ಕಟ್ಟಿದೆವು. ಅದರಿಂದ ಪಾರದರ್ಶಕ ನಳಿಗೆಯೊಂದನ್ನು ನೇರ ಫಿಲ್ಟರಿಗೆ ಇಳಿಸಿದೆವು. ಹಳೆಯ ಟ್ಯಾಂಕಿಗೂ ಪೈಪಿಗೂ ಎಂಜಿನ್ ಜೊತೆ ಈಗ ಸಂಬಂಧವೇ ಇಲ್ಲ. ಗಾಳಿ ತೆಗೆದು, ಓಡಿಸಿ, ನಿಲ್ಲಿಸಿ, ಕೀ ಜೇಬಿನಲ್ಲಿಟ್ಟುಕೊಂಡು ಫಾತೋರ್ಡಾಕ್ಕೆ ಹೋದೆ. ಮರುದಿನ ಬಿಸಿಲು ಏರಿದ ಮೇಲೆ ಬಂದು ಕೀ ತಿರುಗಿಸಿದರೆ ಎಂಜಿನ್ ಕೂಡಲೇ ಹಿಡಿಯಿತು.

ಡ್ರೈವರ್ ಕುಣಿಯುವುದೊಂದು ಬಾಕಿ. ಹೀಗೇ ಕ್ಯಾನ್ ಇಟ್ಟುಕೊಂಡು ಸ್ಟ್ಯಾಂಡಿಗೆ ಹೋಗುತ್ತೇನೆ, ಮೇಲೆ ತಾಡಪತ್ರಿ ಮುಚ್ಚಿದರೆ ಯಾರಿಗೆ ಗೊತ್ತಾಗುತ್ತದೆ ಎಂದ. ಗಿರಾಕಿಯ ನೆತ್ತಿಯ ಮೇಲೆ ಡೀಸೆಲ್ ಇಟ್ಟುಕೊಂಡು ಹೋಗಲು ನಾನು ಬಿಡಲಿಲ್ಲ. ಸರಿಯಾಗಿ ಬೈದೆ. ಮಿಸ್ತ್ರಿ ಮಾತ್ರ ಆ ಕ್ಯಾನನ್ನೇ ನೋಡುತ್ತ ನಿಂತಿದ್ದ. ಎಂಜಿನ್ ಸರಿ, ಪಂಪು ಸರಿ, ದೋಷ ತಾನು ಹಾಕಿದ ಪೈಪಿನಲ್ಲೇ ಎಂಬುದು ಅವನಿಗೆ ನನಗಿಂತ ಮೊದಲೇ ತಿಳಿದಿತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನು ಹೇಳಲು ಹೋಗಲಿಲ್ಲ. ಪೈಪಿಗೆ ಸೋಪಿನ ನೀರು ಹಚ್ಚಿ ಗಾಳಿ ಹಾಕಿ ನೋಡೋಣವೇ, ನೀನೇ ಹಚ್ಚು ಎಂದೆ.

ಟ್ಯಾಂಕಿನ ಕಡೆಯ ತುದಿಯನ್ನು ಬಿಚ್ಚಿ ಅವನೇ ಕಟ್ಟಿಗೆಯ ಬೆಣೆ ಕೆತ್ತಿ ಬಡಿದ. ಎಂಜಿನ್ ಕಡೆಯಿಂದ ನಾನು ಸೈಕಲ್ ಪಂಪಿನಲ್ಲಿ ಗಾಳಿ ಒತ್ತಿದೆ. ಅವನು ಬಟ್ಟೆ ಸೋಪನ್ನು ನೀರಿನಲ್ಲಿ ಕದಡಿ, ಬ್ರಷ್ ಹಿಡಿದು ಹಿಂದಿನಿಂದ ಮುಂದಕ್ಕೆ ತೆವಳುತ್ತ ಒಂದೊಂದು ಜೋಡಣೆಗೂ ಹಚ್ಚುತ್ತ ಬಂದ. ಅವನು ಮಾಡಿದ ನಟ್ಟಿನ ಜೋಡಣೆಗಳಲ್ಲಿ ಒಂದು ಗುಳ್ಳೆಯೂ ಇಲ್ಲ. ಎಂಜಿನ್ ಹಿಂದಿನ ತಗಡಿನ ಗೋಡೆಯ ಬಳಿ, ಪೆಟ್ರೋಲ್ ಕಾಲದ ಹಳೆಯ ಕಬ್ಬಿಣದ ಪೈಪು ಮುಗಿದು ಹೊಸ ತಾಮ್ರದ ಪೈಪು ಶುರುವಾಗುವ ಕಡೆ, ಗೇಣುದ್ದದ ರಬ್ಬರ್ ಹೋಸ್ ಇತ್ತು. ಅದರ ಎರಡೂ ತುದಿಗಳನ್ನು ಬಲೆ ಹೆಣೆಯುವ ನೈಲಾನ್ ದಾರದಿಂದ ಸುತ್ತಿ ಬಿಗಿದಿದ್ದ. ಎಷ್ಟು ಚಂದದ ಸುತ್ತು ಎಂದರೆ, ನಾನು ಮೊದಲ ದಿನ ನೋಡಿ ಅದನ್ನೂ ಮೆಚ್ಚಿಕೊಂಡಿದ್ದೆ. ಸೋಪಿನ ನೀರು ತಗುಲಿದ ಕೂಡಲೇ ದಾರದ ಸುತ್ತುಗಳ ನಡುವಿನಿಂದ ಸಾಸಿವೆಯಷ್ಟು ಗುಳ್ಳೆಗಳು ಏಳತೊಡಗಿದವು.

ಮಿಸ್ತ್ರಿ ಬ್ರಷ್ ಹಿಡಿದುಕೊಂಡೇ ಕೂತ. ನಾನು ಪಂಪು ಒತ್ತುವುದನ್ನು ನಿಲ್ಲಿಸಿದೆ. ಗುಳ್ಳೆ ನಿಂತಿತು.

"ಮತ್ತ ಒತ್ರಿ," ಎಂದ. ಒತ್ತಿದೆ, ಗುಳ್ಳೆ ಬಂತು. ಮತ್ತೊಮ್ಮೆ ಒತ್ತಿಸಿ ನೋಡಿದ. ಆಮೇಲೆ ತಲೆಯೆತ್ತದೆ ಹೇಳಿದ: "ಬೋಟಿನ್ಯಾಗ ಟ್ಯಾಂಕ್ ಮ್ಯಾಲಿರತೈತಿ ಸಾಬ್ರ, ಎಂಜಿನ್ ಕೆಳಗ. ಎಲ್ಲೆ ಸಡಿಲಾದ್ರೂ ಎಣ್ಣಿ ಹನೀತೈತಿ, ಇನ್ನೊಂದ ಸುತ್ತು ದಾರ ಬಿಗೀತೀವಿ. ಇಲ್ಲಿ ಹೊರಗ ಬರೂದನ್ನ ಕಾಯ್ಕೊಂತ ಕುಂತೆ. ಒಳಗ ಗಾಳಿ ಹೋಗಾಕತ್ತಿತ್ತು."

ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಕಾರಿನಲ್ಲಿ ಟ್ಯಾಂಕು ಹಿಂದೆ ಡಿಕ್ಕಿಯಲ್ಲಿ, ಎಣ್ಣೆಯನ್ನು ಪಂಪು ಎಳೆದುಕೊಳ್ಳಬೇಕು. ಎಳೆಯುವ ಪೈಪಿನ ಸಂದು ಎಣ್ಣೆಯನ್ನು ಹೊರಕ್ಕೆ ಬಿಡುವುದಿಲ್ಲ, ಗಾಳಿಯನ್ನು ಒಳಕ್ಕೆ ಬಿಡುತ್ತದೆ. ಸಮುದ್ರದ ಮೇಲೆ ಅವನ ಪ್ರಾಣ ಉಳಿಸುತ್ತಿದ್ದ ಗಂಟು ನೆಲದ ಮೇಲೆ ಕೈಕೊಟ್ಟಿತ್ತು. ಇನ್ನು ಬೋಟ್ ಹತ್ತುವುದಿಲ್ಲ ಎಂದ ಅವನ ಮಾತನ್ನು ನಾನು ನೆನಪಿಸಲಿಲ್ಲ. ಸೊಂಟದ ಚೂರಿ ತೆಗೆದು ಅವನೇ ದಾರ ಕತ್ತರಿಸಿದ. ನಾನು ಪೆಟ್ಟಿಗೆಯಿಂದ ಹೊಸ ಹೋಸೂ ಸ್ಕ್ರೂ ಇರುವ ಎರಡು ಕ್ಲಿಪ್ಪುಗಳೂ ತೆಗೆದುಕೊಟ್ಟೆ. ಬಿಗಿದು, ಮತ್ತೆ ಸೋಪು ಹಚ್ಚಿ, ಮತ್ತೆ ಗಾಳಿ ಒತ್ತಿ ನೋಡಿದೆವು. ಏನೂ ಬರಲಿಲ್ಲ. ಕ್ಯಾನ್ ಕೆಳಗಿಳಿಯಿತು. ಟ್ಯಾಂಕಿನಲ್ಲಿ ಬೇಕೆಂದೇ ಕಡಿಮೆ ಎಣ್ಣೆ ಬಿಟ್ಟು ಒಂದು ರಾತ್ರಿ ನಿಲ್ಲಿಸಿ ನೋಡಿದೆವು, ಬೆಳಿಗ್ಗೆ ಸ್ಟಾರ್ಟ್ ಆಯಿತು.

ಆದರೂ ಸ್ಟ್ಯಾಂಡಿನ ಪರೀಕ್ಷೆ ಬೇರೆಯೇ. ಸೋಮವಾರ ಡ್ರೈವರ್ ಗಾಡಿಯನ್ನು ಸಾಲಿಗೆ ಹಚ್ಚಿದ. ನಾನು ಅಂಗಡಿ ಮುಚ್ಚಿ ಬಂದಿದ್ದೆ. ಮಿಸ್ತ್ರಿ ಹೊಟ್ಟೆನೋವೆಂದು ಬೋಟಿನ ಮಾಲೀಕನಿಗೆ ಸುಳ್ಳು ಹೇಳಿ ಬಂದಿದ್ದ. ಚಹಾದಂಗಡಿಯಲ್ಲಿ ಇಬ್ಬರೂ ಕೂತೆವು. ಅಂಬಾಸಡರ್ ಒಂದೊಂದೇ ಗಾಡಿಯಷ್ಟು ಜಾಗ, ಡ್ರೈವರನ ಹೆಗಲಿನ ಬಲದಿಂದ ಮುಂದೆ ಬರುತ್ತಿತ್ತು. ಬೆನ್ನುನೋವಿನವನು ತಳ್ಳುವುದನ್ನು ನೋಡಲಾರದೆ ನಾನು ನೆರವಿಗೆ ಎದ್ದು ಹೋಗಬೇಕೆಂದಿದ್ದೆ. ಮಿಸ್ತ್ರಿ ಕೈ ಹಿಡಿದು ಕೂರಿಸಿದ. ಹೊರಗಿನವರು ಕೈ ಹಚ್ಚಿದರೆ ಮುಖಂಡ ಏನಾದರೂ ಅಂದಾನು ಎಂಬ ಹೆದರಿಕೆ ಅವನಿಗೆ.

ಮಧ್ಯಾಹ್ನ ಕಳೆದ ಮೇಲೆ ಪಾಳಿ ಬಂತು. ಕೆಪೆ ಊರಿಗೆ ಹೋಗುವ ದಂಪತಿ, ಜೊತೆಗೊಬ್ಬ ಮುದುಕಿ, ನಾಲ್ಕೈದು ಗಂಟು. ಡ್ರೈವರ್ ಗಂಟುಗಳನ್ನು ಡಿಕ್ಕಿಗೆ ತುಂಬಿ ಸೀಟಿನಲ್ಲಿ ಕೂತ. ಹಿಂದಿನ ಟ್ಯಾಕ್ಸಿಯ ಡ್ರೈವರೂ ಇನ್ನೊಬ್ಬನೂ ಯಾರೂ ಕರೆಯದೆ ಬಂದು ಡಿಕ್ಕಿಯ ಮೇಲೆ ಕೈಯಿಟ್ಟು ನಿಂತರು. ಹೇಗೂ ತಳ್ಳಬೇಕಲ್ಲ ಎಂದು. ಒಬ್ಬ ನಗುತ್ತಿದ್ದ, ಇನ್ನೊಬ್ಬ ಪಾಪ ಎಂಬಂತೆ ನೋಡುತ್ತಿದ್ದ. ಮುಖಂಡ ಮರದ ಕೆಳಗೆ ಕೈಕಟ್ಟಿ ನಿಂತಿದ್ದ. ಹೀಟರ್ ಕಾಯಲು ಬೇಕಾದ ಆ ಸ್ವಲ್ಪ ಹೊತ್ತು ಡ್ರೈವರ್ ಕೀ ಹಿಡಿದು ಕೂತಿದ್ದ.

ಎಂಜಿನ್ ಅರ್ಧ ಸುತ್ತಿಗೇ ಹಿಡಿಯಿತು. ಗಾಡಿ ಹೊರಟುಹೋಯಿತು. ಆ ಇಬ್ಬರ ಕೈಗಳು ಗಾಳಿಯಲ್ಲೇ ಉಳಿದವು. ಮುಖಂಡ ಹಿಂದಿನ ಗಾಡಿಗೆ ಮುಂದೆ ಬರಲು ಕೈ ಮಾಡಿದ.

ಪಕ್ಕದಲ್ಲಿ ಮಿಸ್ತ್ರಿ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡು ಕೂತಿದ್ದ. ಆಮೇಲೆ, "ತಂಗಿಗೆ ನೀವ ಹೇಳ್ರಿ ಸಾಬ್ರ, ನನ್ನ ಕೈಲೆ ಆಗೂದಿಲ್ಲ," ಎಂದ.

ಬಾಯ್ನಾದವರೆಗೆ ನಡೆದೆವು. ಅವಳು ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಗಾಡಿ ಇಲ್ಲದೆ ನಾವಿಬ್ಬರೇ ನಡೆದು ಬರುವುದನ್ನು ಕಂಡು ಕೈಯಲ್ಲಿದ್ದ ಸೀರೆ ಹಾಗೆಯೇ ಹಿಡಿದು ನಿಂತಳು. ಅಣ್ಣನ ಕೆಂಪು ಕಣ್ಣು ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಗಾಡಿ ಎಲ್ಲೈತಿ ಕಾಕಾ?"

"ಕೆಪೆಗೆ ಬಾಡಿಗಿ ಹೋಗೈತಿ ತಂಗಿ," ಎಂದೆ.